ಆಮೆ ಯಾರ ಪಾಲು?

ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ವಕೀಲನಾಗಿ ಸವೆದುಹೋಗಿದ್ದ ಮರ್ಲ್ ಹ್ಯಾಸ್ಕಿನ್ಸ್‌ಗೆ ಆ ಶುಕ್ರವಾರ ಗಂಟುಬಿದ್ದದ್ದು ಕಡಲಾಮೆ. ನೆರೆಯ ದ್ವೀಪದೇಶವೊಂದರ ಜೊತೆ, ಇನ್ನು ಆಮೆ ಹಿಡಿಯುವುದಿಲ್ಲವೆಂದು ಮಾತಾಗಿತ್ತು. ಆ ಕಾಗದಕ್ಕೆ ಹೆಸರಿಡುವುದು ಮರ್ಲ್‌ನ ಕೆಲಸ. ಒಡಂಬಡಿಕೆ ಎಂದರೆ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಮಂದಿ ಹೂಂ ಅನ್ನಬೇಕು. ಒಪ್ಪಂದ ಎಂದರೆ ಅಧ್ಯಕ್ಷರ ರುಜು ಸಾಕು. ಸಂಜೆಯೊಳಗೆ ಅದು ಮೇಜು ಬಿಟ್ಟರೆ ಮಾತ್ರ ನಾಳೆ ಹೆಂಡತಿ ಡೊರೀನ್ ಜೊತೆ ಸಮುದ್ರತೀರದಲ್ಲಿ ರಜೆ. ಎರಡು ಬೇಸಿಗೆಯಿಂದ ಆ ರಜೆ ಮುಂದಕ್ಕೆ ಹೋಗುತ್ತಲೇ ಇತ್ತು.

"ಈ ಸಲಾನೂ ಕೈ ಕೊಟ್ರೆ ನೋಡು," ಎಂದು ಡೊರೀನ್ ಬೆಳಿಗ್ಗೆಯೇ ಹೇಳಿದ್ದಳು.

ಮರ್ಲ್ 'ಒಪ್ಪಂದ' ಎಂದು ಬರೆದ. ಅರ್ಧ ಗಂಟೆಯಲ್ಲಿ ಸೆನೆಟರೊಬ್ಬರ ಕಾರ್ಯದರ್ಶಿ ಮಿಸೆಸ್ ಓಡಮ್ ಫೋನಿನಲ್ಲೇ ಹರಿಹಾಯ್ದಳು.

"ಏನ್ರೀ, ಸೆನೆಟ್ ಅಂದ್ರೆ ಅಷ್ಟು ಸದರಾನಾ? ನಮ್ಮನ್ನ ಕೇಳ್ದೆ ಅಧ್ಯಕ್ಷರು ಹೆಂಗ್ರೀ ರುಜು ಹಾಕ್ತಾರೆ? ಬನ್ನಿ ಇಲ್ಲಿ!"

ಮರ್ಲ್ ಬಿಸಿಲಲ್ಲಿ ಸೆನೆಟ್ ಇರುವ ಗುಡ್ಡ ಹತ್ತಿ, ಬೈಸಿಕೊಂಡು, 'ಒಡಂಬಡಿಕೆ' ಎಂದು ತಿದ್ದಿ ಬಂದ. ಬಂದು ನೋಡಿದರೆ ಅಧ್ಯಕ್ಷರ ಕಚೇರಿಯ ಎಳೆ ವಕೀಲ ಟ್ರೆಂಟ್ ಇವನ ಕುರ್ಚಿಯಲ್ಲೇ ಕೂತಿದ್ದ.

"ಸೆನೆಟ್ಟಿಗಾ? ನಮ್ಮಪ್ಪ ಹುಟ್ಟೋಕೆ ಮುಂಚೆ ಹೋದ ಒಡಂಬಡಿಕೆಗಳೇ ಅಲ್ಲಿ ಇನ್ನೂ ಮಲಗಿವೆ. ಅಧ್ಯಕ್ಷರ ಅಧಿಕಾರನ ಬಿಟ್ಟಿ ಹಂಚೋಕೆ ನೀವ್ಯಾರು ಮರ್ಲ್?"

ಮತ್ತೆ 'ಒಪ್ಪಂದ' ಎಂದು ತಿದ್ದಿದ. ಅಡಕತ್ತರಿಗೆ ಸಿಕ್ಕ ಅಡಕೆಗಿಂತ ತನ್ನ ಪಾಡೇನೂ ಮೇಲಲ್ಲ ಎನ್ನಿಸಿತು.

ಮಧ್ಯಾಹ್ನ ಇನ್ನೊಂದು ಎಡವಟ್ಟಾಯಿತು. ಆಮೆಯ ದೆಸೆಯಿಂದ ಬಲೆಗಳನ್ನೆಲ್ಲ ಬದಲಿಸಬೇಕಾಗುತ್ತದೆಂದು ತಿಳಿದು ಕರಾವಳಿಯ ಮೀನುಗಾರರು ಬೀದಿಗಿಳಿದರು. ತಕ್ಷಣ ಮಿಸೆಸ್ ಓಡಮ್‌ಳ ದನಿ ಬೆಣ್ಣೆಯಾಯಿತು.

"ಆಮೆ ಗೀಮೆ ಎಲ್ಲಾ ಅಧ್ಯಕ್ಷರಿಗೇ ಬಿಟ್ಟಿದ್ದಪ್ಪ. ಒಪ್ಪಂದ ಅಂತ್ಲೇ ಇರ್ಲಿ."

ಅವಳು ಫೋನಿಡುವಷ್ಟರಲ್ಲಿ ಟ್ರೆಂಟ್ ಓಡಿಬಂದ. "ಸಂವಿಧಾನಕ್ಕೆ ಒಂದು ಮರ್ಯಾದೆ ಬೇಡ್ವಾ ಮರ್ಲ್? ಸೆನೆಟ್ಟಿಗೇ ಕಳ್ಸಿ!"

ಅಧಿಕಾರ ಇಬ್ಬರಿಗೂ ಬೇಕು, ಅದರ ಬೆನ್ನಿಗೆ ಬರುವ ಬೈಗುಳ ಮಾತ್ರ ಇಬ್ಬರಿಗೂ ಬೇಡ. ಮರ್ಲ್‌ಗೆ ಅಳುವಷ್ಟು ಸಾಕಾಗಿತ್ತು. ಸುಸ್ತಿನಲ್ಲೇ ಅವನಿಗೊಂದು ದಾರಿ ಹೊಳೆಯಿತು.

"ಎರಡೂ ಬೇಡ. ಎರಡು ಸದನದಲ್ಲೂ ಬರೀ ಬಹುಮತದಿಂದ ಕಾಯ್ದೆ ಮಾಡ್ಲಿ, ಅಧ್ಯಕ್ಷರೂ ರುಜು ಹಾಕ್ಲಿ. ಬೈಗುಳ ಐನೂರು ಜನರಿಗೆ ಹಂಚಿಹೋಗುತ್ತೆ, ಯಾರಿಗೂ ತಾಗಲ್ಲ."

ಟ್ರೆಂಟ್ ಅವನನ್ನು ತಬ್ಬಿಕೊಂಡ. ಸುದ್ದಿ ಕೇಳಿ ಮಿಸೆಸ್ ಓಡಮ್ ಫೋನಿನಲ್ಲೇ ಹರಸಿದಳು. ಐದು ಗಂಟೆಗೆ ಕಾಗದ ಬೇರೆ ಕಚೇರಿಯ ಪಾಲಾಯಿತು. ಮರ್ಲ್‌ನ ಸಂತೋಷಕ್ಕೆ ಪಾರವಿರಲಿಲ್ಲ. ಮನೆಗೆ ಫೋನ್ ಮಾಡಿದ.

"ಡೊರೀನ್, ಮೇಜು ಖಾಲಿ! ನಾಳೆ ಹೊರಡೋಣ."

"ಅಯ್ಯೋ, ನಿನ್ನ ಬದಲು ನಮ್ಮಕ್ಕ ಬರ್ತಿದ್ದಾಳೆ ಕಣೋ. ಬೆಳಿಗ್ಗೆ ನೀನು ಆ ಕಡೆ ಹೋಗ್ತಿದ್ದಂಗೇ ಮಾತಾಡ್ಕೊಂಡ್ವಿ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಅದು ಒಡಂಬಡಿಕೆ ಆಗಿ ಇನ್ನೆರಡು ಬೇಸಿಗೆ ಮಲಗ್ತಿತ್ತು. ಅದಕ್ಕೇ ಒಪ್ಪಂದ ಮಾಡ್ಕೊಂಡೆ. ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿ ಅಷ್ಟೂ ಕಲೀದಿದ್ರೆ ಹೆಂಗೆ? ಬೇಗ ಬಾ, ನೀನು ನೋಡ್ಕೋಬೇಕಾದ ಅಕ್ಕನ ನಾಯಿಗಳು ಆಗ್ಲೇ ಬಂದು ನಿನ್ನ ಹಾಸಿಗೆ ಮೇಲೆ ಕೂತಿವೆ."