ಒಂದು ಲೈಸೆನ್ಸು, ಐದು ರೇಡಿಯೋ

ಕಳ್ಳರ ಮೇಲೆ ನನಗೆ ಅಂಥ ಸಿಟ್ಟೇನೂ ಇಲ್ಲ. ನಿಜವಾದ ಕಳ್ಳ ಕದ್ದುಕೊಂಡು ಹೋದವನು ಮತ್ತೆ ಮುಖ ತೋರಿಸುವುದಿಲ್ಲ. ಅವನಿಗೆ ಅಷ್ಟು ನಾಚಿಕೆಯಾದರೂ ಇರುತ್ತದೆ. ನನ್ನ ಮೈ ಉರಿಯುವುದು ಹಾಡಹಗಲೇ ಬಂದು, ಕುರ್ಚಿ ಎಳೆದು ಕೂತು, ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿ, ನಾವೇ ಎದ್ದು ಕೈಗೆ ಕೊಡುವ ಹಾಗೆ ಮಾಡಿ ತೆಗೆದುಕೊಂಡು ಹೋಗುವವರನ್ನು ಕಂಡರೆ. ಅಂಥವರನ್ನು ಪೊಲೀಸರು ಹಿಡಿಯುವುದಿಲ್ಲ. ಊರಿನವರು ಹಾರ ಹಾಕಿ ಶಾಲಾ ಸಮಿತಿಗೆ ಸೇರಿಸುತ್ತಾರೆ.

ಕೋಪ ನಮ್ಮ ವಂಶದ್ದು. ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ಒಮ್ಮೆ ಎತ್ತು ಹೇಳಿದ ಮಾತು ಕೇಳಲಿಲ್ಲವೆಂದು ಮೂರು ದಿನ ಅದರ ಜೊತೆ ಮಾತು ಬಿಟ್ಟಿದ್ದರಂತೆ. ಎತ್ತಿಗೆ ಏನನ್ನಿಸಿತೋ ತಿಳಿಯದು, ಉಳುಮೆಯಂತೂ ಮೂರು ದಿನ ತಡವಾಯಿತು. ಗದ್ದೆ ನನ್ನ ಚಿಕ್ಕಪ್ಪಂದಿರ ಪಾಲಿಗೆ ಹೋಯಿತು, ಕೋಪ ಪೂರ್ತಿ ನನಗೇ ಬಂತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಪ್ರಯೋಗಶಾಲೆ ಎಂದರೆ ಒಂದು ಬೀರು, ಏಳೆಂಟು ಗಾಜಿನ ಕೊಳವೆ, ತಲೆಯಿಲ್ಲದ ಒಂದು ಕಪ್ಪೆಯ ಅಸ್ಥಿಪಂಜರ. ಅಂಥ ಬೀರುವಿಗೆ ಒಂದು ದಿನ ಸರ್ಕಾರದಿಂದ ಬ್ಯಾಟರಿ ರೇಡಿಯೋ ಬಂತು. ವಾರಕ್ಕೆರಡು ಮಧ್ಯಾಹ್ನ ಶಾಲಾ ಮಕ್ಕಳ ಕಾರ್ಯಕ್ರಮ ಕೇಳಿಸುವ ಜವಾಬ್ದಾರಿ ನನ್ನದು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಎಸ್ಟೇಟ್ ಲೈನುಗಳಿಂದ, ಎಂದರೆ ತೋಟದ ಕೂಲಿಯವರ ಸಾಲುಮನೆಗಳಿಂದ ಬರುವವರು. ಮನೆಯಲ್ಲಿ ತಮಿಳೋ ಮಲಯಾಳವೋ ತುಳುವೋ. ಎರಡು ತಿಂಗಳು ಕೇಳಿದ್ದೇ, ನಾನು ಹಾಜರಿ ಕೂಗಿದರೆ ‘ಸಾರ್’ ಎನ್ನುವುದನ್ನು ಬಿಟ್ಟು ವಾರ್ತೆ ಓದುವವರ ಧಾಟಿಯಲ್ಲಿ ‘ಹಾಜರಿದ್ದೇನೆ’ ಎನ್ನತೊಡಗಿದರು. ತರಗತಿಯಲ್ಲಿ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಒಳಗೊಳಗೇ ನನಗೆ ಅಷ್ಟು ಸಂತೋಷ ಕೊಟ್ಟ ಇನ್ನೊಂದು ಸಂಗತಿ ನನ್ನ ನೌಕರಿಯಲ್ಲಿ ಇಲ್ಲ.

ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಒಯ್ದು ಮುದ್ರೆ ಹಾಕಿಸಿಕೊಳ್ಳಬೇಕು. ಒಂದು ಪುಸ್ತಕಕ್ಕೆ ಒಂದೇ ರೇಡಿಯೋ. ಆಗಾಗ ಒಬ್ಬ ಇನ್‌ಸ್ಪೆಕ್ಟರು ಬಸ್ಸಿನಲ್ಲಿ ಬಂದಿಳಿದು, ಯಾವ ಮನೆಯ ಮಾಡಿನ ಮೇಲೆ ಏರಿಯಲ್ ತಂತಿ ಇದೆಯೆಂದು ಕತ್ತೆತ್ತಿ ನೋಡುತ್ತ ನಡೆಯುತ್ತಿದ್ದ. ಪುಸ್ತಕ ತೋರಿಸದಿದ್ದರೆ ಪೆಟ್ಟಿಗೆಗೆ ಅರಗಿನ ಸೀಲು.

ಒಂದು ಬೆಳಿಗ್ಗೆ ಸುಬೇದಾರ್ ಪೂವಯ್ಯನವರು ಪ್ರಯೋಗಶಾಲೆಗೆ ಬಂದರು. ಸೈನ್ಯದಿಂದ ನಿವೃತ್ತರಾಗಿ ಕಾಫಿ ತೋಟ ನೋಡಿಕೊಂಡಿದ್ದವರು, ಶಾಲಾ ಸಮಿತಿಯ ಸದಸ್ಯರು, ಮೀಸೆಗೆ ದಿನವೂ ಎಣ್ಣೆ ಹಚ್ಚುವವರು.

“ಎಂತ ಮೇಷ್ಟ್ರೇ, ಶಾಲೆಯ ರೇಡಿಯೋ ಪುಸ್ತಕ ಸ್ವಲ್ಪ ಬೇಕಿತ್ತಲ್ಲ. ಇನ್‌ಸ್ಪೆಕ್ಟರ್ ಬರ್ತಾ ಉಂಟು ಅಂತ ಬಸ್ಸಿನ ಕಂಡಕ್ಟರ್ ಹೇಳಿದ.”

“ತಮ್ಮ ಮನೆಯ ರೇಡಿಯೋಗೆ ಲೈಸೆನ್ಸ್ ಇಲ್ಲವಾ ಸುಬೇದಾರ್ರೇ?”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಎಂತಕ್ಕೆ ಲೈಸೆನ್ಸ್? ನಮ್ಮ ಮನೇಲಿ ಮೂರು ಕೋವಿ ಉಂಟು. ಒಂದಕ್ಕೂ ಲೈಸೆನ್ಸ್ ಕೇಳುವ ಹಾಗಿಲ್ಲ. ಹಂದಿ ಹೊಡೀಲಿಕ್ಕೆ ಬೇಡದ್ದು ಹಾಡು-ಪಾಟು ಕೇಳ್ಲಿಕ್ಕೆ ಬೇಕಾ?”

ಕೊಡವರ ಕೋವಿಗೆ ಲೈಸೆನ್ಸು ಬೇಡ ಎಂಬ ರಿಯಾಯಿತಿ ಹಳೆಯ ಕಾಲದಿಂದ ಬಂದದ್ದು, ಸರಿಯೇ. ಆದರೆ ಅದು ರೇಡಿಯೋಗೂ ಅನ್ವಯಿಸುತ್ತದೆಂದು ಇವರಿಗೆ ಹೇಳಿದವರು ಯಾರು? ಯಾರೂ ಅಲ್ಲ. ಕೋವಿ ದೊಡ್ಡದು, ರೇಡಿಯೋ ಸಣ್ಣದು, ಅಷ್ಟೇ ಲೆಕ್ಕ. ಇದಕ್ಕೆ ತಕ್ಕ ಉತ್ತರ ಹುಡುಕುವಷ್ಟರಲ್ಲಿ ನಾನೇ ಬೀರು ತೆರೆದಿದ್ದೆ, ಪುಸ್ತಕ ಅವರ ಕೋಟಿನ ಜೇಬು ಸೇರಿತ್ತು. ಹೀಗೆ ಕೊಟ್ಟ ನನ್ನ ಕೈಯನ್ನು ಇಂದಿಗೂ ನಾನು ಕ್ಷಮಿಸಿಲ್ಲ.

ಸುಬೇದಾರರ ಕೈಯಿಂದ ಅದು ಜವಳಿ ಅಂಗಡಿಯವರಿಗೆ ಹೋಯಿತು. ಅಲ್ಲಿಂದ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರಿಗೆ, ರೈಟರಿಂದ ಆಸ್ಪತ್ರೆಯ ಕಂಪೌಂಡರಿಗೆ. ಇನ್‌ಸ್ಪೆಕ್ಟರು ಮುಂಬಾಗಿಲಿನಿಂದ ಹೊರಡುವಾಗ ಪುಸ್ತಕ ಹಿಂಬಾಗಿಲಿನಿಂದ ಹೊರಟು, ಅಡ್ಡದಾರಿ ಹಿಡಿದು ಅವನಿಗಿಂತ ಮೊದಲು ಮುಂದಿನ ಮನೆ ಮುಟ್ಟುತ್ತಿತ್ತು. ಪುಸ್ತಕದ ಮೇಲೆ ಶಾಲೆಯ ಹೆಸರಿತ್ತಲ್ಲ, ಅದಕ್ಕೂ ಎಲ್ಲರೂ ಒಂದೇ ಸಬೂಬು ಹೇಳಿದರಂತೆ: ‘ಇದು ಶಾಲೆಯದೇ ರೇಡಿಯೋ ಸ್ವಾಮಿ, ಅಲ್ಲಿ ಕಳ್ಳರ ಭಯ, ಅದಕ್ಕೇ ನಮ್ಮ ಮನೆಯಲ್ಲಿ ಜೋಪಾನ ಮಾಡಿದ್ದೇವೆ.’ ಮಧ್ಯಾಹ್ನ ಇನ್‌ಸ್ಪೆಕ್ಟರು ಶಾಲೆಗೆ ಬಂದ. ಮಕ್ಕಳು ಸಾಲಾಗಿ ಕೂತು ಕಾರ್ಯಕ್ರಮ ಕೇಳುತ್ತಿದ್ದರು. ಅವನು ರೇಡಿಯೋವನ್ನೂ ನನ್ನನ್ನೂ ನೋಡಿದ.

“ಮೇಷ್ಟ್ರೇ, ನಿಮ್ಮ ಶಾಲೆಯ ರೇಡಿಯೋನ ಬೆಳಿಗ್ಗೆಯಿಂದ ನಾಲ್ಕು ಮನೆಯಲ್ಲಿ ನೋಡಿದೆ. ಒಂದು ಕಡೆ ಕಂದು ಬಣ್ಣ, ಒಂದು ಕಡೆ ಹಸಿರು. ಇದು ಐದನೇದು. ಇದರ ಪುಸ್ತಕ ಎಲ್ಲಿ?”

ಪುಸ್ತಕ ಆ ಹೊತ್ತಿನಲ್ಲಿ ಕಂಪೌಂಡರ ಮನೆಯಲ್ಲಿ ಅವರ ತಾಯಿಯ ದಿಂಬಿನಡಿ ಇತ್ತು. ನಾಲ್ಕು ಮನೆಯಲ್ಲೂ ಕಾಫಿ ಕುಡಿದು ಬಂದಿದ್ದ ಆ ಪುಣ್ಯಾತ್ಮ, ನೀರು ಕೂಡ ಕೊಡದ ಶಾಲೆಯ ಮೇಲೆ ಮಾತ್ರ ವರದಿ ಬರೆದುಕೊಂಡ. ಇನ್ನೊಮ್ಮೆ ಹೀಗಾದರೆ ರೇಡಿಯೋಗೆ ಸೀಲು ಹಾಕುವುದು ಖಂಡಿತ ಎಂದ. ಹೆಡ್‌ಮಾಸ್ಟರು ನನ್ನ ಹೆಸರಿಗೆ ಒಂದು ಮೆಮೊ ಕೊಟ್ಟರು. ಮೆಮೊ ಹೋಗಲಿ, ಆ ಮಕ್ಕಳ ಎದುರಿಗೆ ನಾನು ಕಳ್ಳನ ಹಾಗೆ ನಿಂತಿದ್ದೆನಲ್ಲ, ಅದನ್ನು ನುಂಗಿಕೊಳ್ಳಲು ಆಗಲಿಲ್ಲ.

ಅಂದಿನಿಂದ ನಾನು ಪುಸ್ತಕ ಕಾಯಲು ನಿಂತೆ. ಬೀರುವಿಗೆ ಹೊಸ ಬೀಗ ಹಾಕಿದೆ. ಸುಬೇದಾರರು ಹೆಡ್‌ಮಾಸ್ಟರಿಂದ ಚೀಟಿ ಬರೆಸಿಕೊಂಡು ಬಂದು ಅದನ್ನು ತೆಗೆಸಿದರು. ಪುಸ್ತಕವನ್ನು ಕಪ್ಪೆಯ ಅಸ್ಥಿಪಂಜರದ ಪೆಟ್ಟಿಗೆಯೊಳಗೆ ಇಟ್ಟೆ. ಕಪ್ಪೆಯ ಪಾಠ ಬಂದ ದಿನ ಅದು ಇಡೀ ತರಗತಿಗೆ ಗೊತ್ತಾಯಿತು, ಸಂಜೆಯೊಳಗೆ ಜವಳಿ ಅಂಗಡಿಗೂ ಗೊತ್ತಾಯಿತು. ಕೊನೆಗೆ ಹೆಂಡತಿಗೆ ಹೇಳಿ ಕೋಟಿನ ಅಸ್ತರಿನೊಳಗೆ ಪುಸ್ತಕವಿಟ್ಟು ಸುತ್ತಲೂ ಹೊಲಿಸಿಬಿಟ್ಟೆ. “ಇನ್ನು ಇದನ್ನ ತೆಗೀಬೇಕಾದ್ರೆ ಕತ್ತರಿನೇ ಬೇಕು ಕಣ್ರೀ” ಎಂದಳು. “ಅದೇ ಬೇಕಾಗಿದ್ದು” ಎಂದೆ. ಕಡು ಬೇಸಗೆಯಲ್ಲೂ ಕೋಟು ತೆಗೆಯದ ನನ್ನನ್ನು ಕಂಡು ಊರಿನವರು ಚಳಿಜ್ವರವೆಂದುಕೊಂಡರು. ಅಷ್ಟೇ ಅಲ್ಲ, ಮುಂದಿನ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಸುಬೇದಾರರನ್ನು ನೇರ ನೋಡಿ, ದೇಶ ಕಾದವರು ಮಕ್ಕಳ ಪುಸ್ತಕಕ್ಕೆ ಕೈ ಚಾಚುವುದು ನಾಚಿಕೆಗೇಡು ಎಂದು ಕೂಗಾಡಿಬಿಟ್ಟೆ. ಅವರು ಟೋಪಿ ತೆಗೆದುಕೊಂಡು ಹೊರಟುಹೋದರು. ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಇದಾಗಿ ಕೆಲವು ತಿಂಗಳಿಗೆ ಅಂಚೆಯ ಪೇದೆ ಶಾಲೆಗೆ ಬಂದ. “ಪೋಸ್ಟ್ ಮಾಸ್ಟ್ರು ರೇಡಿಯೋ ಪುಸ್ತಕ ತಕ್ಕೊಂಡು ಬಾ ಅಂದ್ರು.” ಪೋಸ್ಟ್ ಮಾಸ್ಟರರ ಮನೆಗೆ ಹೊಸ ರೇಡಿಯೋ ಬಂದಿದೆಯೆಂದು ನನಗೆ ಗೊತ್ತಿತ್ತು. ಲೈಸೆನ್ಸು ಕೊಡುವವನಿಗೇ ನಮ್ಮ ಲೈಸೆನ್ಸು ಬೇಕೇ? ಪೇದೆಯನ್ನು ಬಾಗಿಲಿನಿಂದಲೇ ಅಟ್ಟಿದೆ. ವಾರ ಬಿಟ್ಟು ಮತ್ತೆ ಬಂದ, ಮತ್ತೆ ಅಟ್ಟಿದೆ. ಕೊನೆಗೆ ಸಂತೆಯಲ್ಲಿ ಪೋಸ್ಟ್ ಮಾಸ್ಟರ್ ದೇವಯ್ಯಗೌಡರೇ ಎದುರಾದರು. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, “ಮೇಷ್ಟ್ರೇ, ಆ ಪುಸ್ತಕ ಒಮ್ಮೆ...” ಎಂದು ಶುರು ಮಾಡಿದರು. “ನಿಮಗೂ ಬೇಕಾ?” ಎಂದು ನಾನು ಇಡೀ ಸಂತೆ ತಿರುಗಿ ನೋಡುವ ಹಾಗೆ ಗುಡುಗಿದೆ. ಪಾಪ, ಮೃದು ಸ್ವಭಾವದ ಮನುಷ್ಯ, ಸೊಪ್ಪಿನ ಚೀಲ ಎದೆಗವಚಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆದರು.

ಮತ್ತೆ ಇನ್‌ಸ್ಪೆಕ್ಟರು ಬಂದ ದಿನ ನನಗೆ ಹಬ್ಬ. ಹೆಡ್‌ಮಾಸ್ಟರ ಕೋಣೆಯಲ್ಲಿ ಸುಬೇದಾರರೂ ಕೂತಿದ್ದರು. ಅವರು ಕಣ್ಣಾರೆ ನೋಡಲೆಂದೇ ನಾನು ನಿಧಾನವಾಗಿ ಕೋಟು ಬಿಚ್ಚಿದೆ, ಡ್ರಾಯಿಂಗ್ ಮೇಷ್ಟ್ರಿಂದ ಕತ್ತರಿ ತರಿಸಿದೆ, ಹೊಲಿಗೆ ಒಂದೊಂದಾಗಿ ಕತ್ತರಿಸಿ, ಬೆವರಿಗೆ ಮೆತ್ತಗಾಗಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಇನ್‌ಸ್ಪೆಕ್ಟರು ಹಾಳೆ ಬಿಡಿಸಿ ನೋಡಿದ.

“ಮೇಷ್ಟ್ರೇ, ಇದರ ಅವಧಿ ಮುಗಿದು ಎರಡು ತಿಂಗಳಾಯ್ತು.”

ಸುಬೇದಾರರು ಮೀಸೆ ಕೂಡ ಅಲುಗಿಸಲಿಲ್ಲ. ಹೆಡ್‌ಮಾಸ್ಟರು ಪೋಸ್ಟ್ ಮಾಸ್ಟರ್ ದೇವಯ್ಯಗೌಡರಿಗೆ ಹೇಳಿ ಕಳಿಸಿದರು. ಗಾಬರಿಯಾದರೆ ಗೌಡರ ಬಾಯಲ್ಲಿ ಕೊಡಗಿನ ಗೌಡರ ಮನೆಮಾತಾದ ಅರೆಭಾಷೆಯೇ ಬರುವುದು. “ಅವಧಿ ಮುಗ್ದುಟ್ಟು ಅಂತ ಹೇಳಿಕೇ ಮೂರು ಸಲ ನೋಡಿದೆ ಸ್ವಾಮಿ, ಮೇಷ್ಟ್ರು ಬಾಯಿ ಬಿಡಿಕೆ ಬಿಡ್ಲೇ ಇಲ್ಲ” ಎಂದರು. ಅವಧಿ ಮುಗಿದಿದೆ ಎಂದು ಹೇಳಲು ಅವರು ಮೂರು ಸಲ ನೋಡಿದ್ದರು, ಬಾಯಿ ತೆರೆಯಲು ನಾನೇ ಬಿಟ್ಟಿರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಕೋಣೆಯಲ್ಲಿ ಐದು ಜನರಿದ್ದೂ ರೇಗಲು ನನಗೆ ಒಬ್ಬರೂ ಸಿಗಲಿಲ್ಲ.

ರೇಡಿಯೋಗೆ ಸೀಲು ಬಿತ್ತು. ಹೊಸ ಪುಸ್ತಕ ಬರಲು ಆರು ವಾರ ಹಿಡಿಯಿತು. ಮಕ್ಕಳು ಹಾಜರಿಗೆ ಮೊದಲಿನಂತೆ ‘ಸಾರ್’ ಎನ್ನತೊಡಗಿದರು. ನಾಲ್ಕು ಮನೆಗಳು ಪುಸ್ತಕ ಕದ್ದೂ ಹಾಳುಮಾಡದ ರೇಡಿಯೋವನ್ನು ನಾನೊಬ್ಬ ಕಾದು ಹಾಳುಮಾಡಿದ್ದೆ.

ಹೊಸ ಪುಸ್ತಕ ಬಂದಾಗ ಅದನ್ನು ಯಾರ ಹತ್ತಿರ ಇಡುವುದೆಂದು ಸಮಿತಿಯಲ್ಲಿ ಚರ್ಚೆಯಾಯಿತು. ನಾನು ಬೈದ ಮಾರನೆಯ ವಾರವೇ ಸುಬೇದಾರರು ಹೋಗಿ ತಮ್ಮ ಹೆಸರಿನಲ್ಲಿ ಲೈಸೆನ್ಸು ಮಾಡಿಸಿದ್ದರೆಂದು ಅಂದೇ ನನಗೆ ತಿಳಿದದ್ದು. ಸ್ವಂತ ಪುಸ್ತಕವಿದ್ದವರಿಗೆ ಶಾಲೆಯದರ ಆಸೆ ಇರುವುದಿಲ್ಲ ಎಂದು ಹೆಡ್‌ಮಾಸ್ಟರು ಅವರ ಹೆಸರನ್ನೇ ಸೂಚಿಸಿದರು. ಎಲ್ಲರೂ ಒಪ್ಪಿದರು. ನಾನೂ ಕೈ ಎತ್ತಿದೆ, ಎತ್ತದೆ ಬೇರೆ ದಾರಿಯಿರಲಿಲ್ಲ. ಮುಂದೆ ನಾನು ಆ ಶಾಲೆಯಲ್ಲಿ ಇದ್ದಷ್ಟು ವರ್ಷವೂ ಮುದ್ರೆ ಹಾಕಿಸುವ ಕಾಲ ಬಂದಾಗ ಅವರ ತೋಟದ ಗೇಟು ತೆಗೆದು ಒಳಗೆ ಹೋಗುತ್ತಿದ್ದೆ. ಅವರು ಒಂದು ನೋಟ್‌ಬುಕ್ಕಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, ಪುಸ್ತಕವನ್ನು ಕೈಗೆ ಕೊಡುತ್ತ, “ಸಂಜೆ ಒಳಗೆ ವಾಪಸ್ ತರ್ತೀರಲ್ಲ ಮೇಷ್ಟ್ರೇ?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ತರುತ್ತೇನೆ ಎನ್ನುತ್ತಿದ್ದೆ. ತಂದು ಕೊಡುತ್ತಲೂ ಇದ್ದೆ, ಬಹಳ ಸಲ ಸಂಜೆಗೆ ಮೊದಲೇ.