ಡಬ್ಬಿ ಇಲ್ಲದ ಗೊಂಬೆ

ಚನ್ನಗಿರಿಯ ನಮ್ಮ ಮನೆ ಪಡಸಾಲೆಯಲ್ಲಿ ಕೂತು ನಾನು ಬಟ್ಟೆ ಗೊಂಬೆ ಹೊಲಿಯುತ್ತೇನೆ. ಹೊಲಿಯೋದು ಸುಲಭ, ಇದು ಫ್ಯಾಕ್ಟರಿ ಮಾಲಲ್ಲ, ನನ್ನ ಕೈಯದು ಅಂತ ನಂಬಿಸೋದರಲ್ಲೇ ನನ್ನ ಜೀವ ಅರ್ಧ ಆಗುತ್ತೆ.

ಒರಿಜಿನಲ್

ನಲ್ಲೂರಿನಿಂದ ಒಬ್ಬಾಕೆ ಬಂದಳು. ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಡಬ್ಬಿ ಎಲ್ರೀ? ಡಬ್ಬಿ ಇಲ್ದೆ ಒರಿಜಿನಲ್ ಅಂತ ಹೆಂಗೆ ನಂಬೋದು?" ಅಂದಳು.

"ನಾನೇ ಹೊಲಿದಿದ್ದು ಅಕ್ಕಾ. ಇದರ ಕಂಪನಿ ಅಂದ್ರೆ ನಾನೇ."

ಆಕೆ ನನ್ನನ್ನು ಕಾಲಿಂದ ತಲೆವರೆಗೂ ನೋಡಿ, "ಗ್ಯಾರಂಟಿ ಎಷ್ಟು ವರ್ಷ ಐತೆ?" ಅಂದಳು.

ಏನು ಮಾಡ್ತೈತೆ?

ನ್ಯಾಮತಿ ಸಂತೆಯಲ್ಲಿ ಗೋವಿನಕೋವಿಯ ಅಜ್ಜಿಯೊಬ್ಬರು ಗೊಂಬೆಯ ಹೊಟ್ಟೆ ಒತ್ತಿದರು, ಬೆನ್ನು ಒತ್ತಿದರು. ಉಹ್ಞೂಂ.

"ಅಳಲ್ಲ, ಹಾಡಲ್ಲ. ಏನು ಮಾಡ್ತೈತವ್ವ ಇದು?"

"ಏನೂ ಮಾಡಲ್ಲಜ್ಜಿ. ಹುಬ್ಬು ಏರಿಸ್ಕೊಂಡು ನೋಡ್ತೈತೆ."

"ಅಷ್ಟಕ್ಕೆ ನಮ್ಮನೆಯಾಗೆ ಯಜಮಾನ್ರು ಅದಾರೆ ಬಿಡು," ಅಂತ ಗೊಂಬೆ ಇಟ್ಟು ಹೋದರು.

ಅಚ್ಚು

ಹೊನ್ನಾಳಿಯಲ್ಲಿ ಕೈಕೆಲಸದ ಮೇಳ. ಯಂತ್ರದ ಮಾಲಿಗೆ ಜಾಗ ಇಲ್ಲ. ಎಷ್ಟೋ ದಿನ ಕಾದು ಸಿಕ್ಕಿದ ಮಳಿಗೆ. ಹೋದರೆ ಮತ್ತೆ ಸಿಗೋದಲ್ಲ. ಗೊಂಬೆಗಳನ್ನು ಸಾಲಾಗಿ ಕೂರಿಸಿದ್ದೆ. ಪರೀಕ್ಷೆಗೆ ಬಂದ ಸಾಹೇಬರು ಒಂದೊಂದನ್ನೇ ನೋಡಿ ತಲೆ ಅಲ್ಲಾಡಿಸಿದರು.

"ಏನಮ್ಮಾ ಇದು? ಎಲ್ಲಾದಕ್ಕೂ ಎಡ ಹುಬ್ಬು ಮೇಲೆ, ತುಟಿ ಬಿಗಿ, ಗಲ್ಲ ಚೂಪು. ಫ್ಯಾಕ್ಟರಿ ಅಚ್ಚು. ಎತ್ತಿ, ಮಳಿಗೆ ಖಾಲಿ ಮಾಡಿ."

"ಇಲ್ಲಾ ಸಾರ್, ನನ್ನ ಕೈಗೆ ಬರೋದೇ ಇದೊಂದು ಮುಖ. ದಿನಾ ನೋಡಿ ನೋಡಿ..." ಅಂದವಳು ಗಪ್ಪನೆ ಬಾಯಿ ಮುಚ್ಚಿಕೊಂಡೆ. ಯಾರದು ಅಂತ ಹೇಳಿದರೆ ಮಳಿಗೆ ಉಳಿಯುತ್ತೆ, ಮನೆ ಉಳಿಯೋದಿಲ್ಲ!

ಅಷ್ಟರಲ್ಲಿ ನಮ್ಮತ್ತೆ ಚನ್ನಗಿರಿಯಿಂದ ಬಸ್ಸು ಹತ್ತಿ, ಬುತ್ತಿ ಹಿಡಿದು ಬಂದರು.

"ಬುತ್ತಿ ಮರೆತು ಬಂದೀಯಲ್ಲೇ! ಬುದ್ಧಿ ಎಲ್ಲಿಟ್ಟಿದ್ದೆ?" ಎಡ ಹುಬ್ಬು ಮೇಲೆ. ತುಟಿ ಬಿಗಿ.

ಸಾಹೇಬರು ಅತ್ತೆಯನ್ನು ನೋಡಿದರು. ಗೊಂಬೆ ನೋಡಿದರು. ಮತ್ತೆ ಅತ್ತೆಯನ್ನು ನೋಡಿದರು. ನಗು ತಡೆಯಲಾಗದೆ ಕರ್ಚೀಫು ಬಾಯಿಗೆ ಒತ್ತಿಕೊಂಡು, "ಕೈಯಲ್ಲಿ ಮಾಡಿದ್ದೇ ಬಿಡಮ್ಮಾ, ಒರಿಜಿನಲ್ ಇಲ್ಲೇ ನಿಂತೈತೆ," ಅಂದರು.

ಅತ್ತೆ ಒಂದು ಗೊಂಬೆ ಎತ್ತಿಕೊಂಡರು. ನಾನು ಸತ್ತೆ ಅಂದುಕೊಂಡೆ. ಅದರ ಹುಬ್ಬು ಸವರಿ ನೋಡಿ ಕೇಳಿದರು:

"ಅಲ್ಲ ಕಣೇ, ಇಷ್ಟು ದಿನ ನೀನು ಊರೂರಿಗೆ ಹೊತ್ಕೊಂಡು ಹೋಗಿ ಮಾರ್ತಿದ್ದುದು ನನ್ನನ್ನೇನೇ?"

ಅತ್ತೆ ಗೊಂಬೆಯ ಸೀರೆ ಸರಿಮಾಡಿ, ಮುಂದಿನ ಸಾಲಿನಲ್ಲಿ ಕೂರಿಸಿದರು.

"ಹಂಗಾದ್ರೆ ಯಾರಿಗೂ ಚೌಕಾಸಿ ಮಾಡಾಕೆ ಬಿಡಬ್ಯಾಡ."