ಯಮನೂರಪ್ಪನ ನಲವತ್ತು ಗ್ರಾಂ ಚಾಕು

ಯಮನೂರಪ್ಪನಿಗೆ ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪುವ ಅಭ್ಯಾಸವಿರಲಿಲ್ಲ. ಯಲಬುರ್ಗಾದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಛತ್ರಿ ಕೊಂಡರೂ ಮೊದಲು ನಲ್ಲಿಯ ಕೆಳಗೆ ಹಿಡಿದು ನೋಡುತ್ತಿದ್ದ. ಹೀಗಾಗಿ ಮೊಬೈಲಿನಲ್ಲಿ ಹುಡುಕಿ ತರಿಸಿದ ಮಡಚುವ ಚಾಕು ಬಂದಾಗ, ಒಂದು ದಿನ ಪೂರ್ತಿ ಜೇಬಿನಲ್ಲಿಟ್ಟುಕೊಂಡು ತಿರುಗಿ, ಆಮೇಲೆ ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ತೀರ್ಮಾನಿಸೋಣ ಎಂದುಕೊಂಡ.

ಮಡಚಿದರೆ ಬೆರಳುದ್ದ, ತೂಕ ನಲವತ್ತು ಗ್ರಾಂ. ಹೆಬ್ಬೆರಳು ತಾಗಿಸಿದರೆ ಟಕ್ಕೆಂದು ತೆರೆದು ನಿಲ್ಲುತ್ತಿತ್ತು. ಹೆಂಡತಿ ಶಿವಲಿಂಗಮ್ಮ ಅದರಲ್ಲಿ ಒಂದು ಉಳ್ಳಾಗಡ್ಡಿ ಹೆಚ್ಚಿ ನೋಡಿ, ಮನೆಯಲ್ಲಿ ಈಳಿಗೆ ಇರುವಾಗ ಈ ಆಟದ ಸಾಮಾನು ಏಕೆ ಎಂದು ಕೇಳಿದಳು. ಈಳಿಗೆ ಜೇಬಿನಲ್ಲಿ ಹಿಡಿಸುವುದಿಲ್ಲ ಎಂದು ಹೇಳಿ ಅವನು ಕಚೇರಿಗೆ ಹೊರಟ.

ಹನ್ನೊಂದು ಗಂಟೆಯೊಳಗೆ ಚಾಕು ಎರಡು ಟಪಾಲು ಲಕೋಟೆ ಸೀಳಿತ್ತು, ನಾಲ್ಕು ಪೆನ್ಸಿಲ್ ಚೂಪು ಮಾಡಿತ್ತು, ಪಕ್ಕದ ಮೇಜಿನ ಫಕ್ರುದ್ದೀನನ ಪೇರಲಹಣ್ಣನ್ನು ಎಂಟು ಹೋಳು ಮಾಡಿತ್ತು. ಯಮನೂರಪ್ಪ ಹೊಸ ಅಳಿಯನ ಹಾಗೆ ಬೀಗುತ್ತಿದ್ದಾಗ ಸಾಹೇಬರು ಕರೆದು, ಒಂದು ಫೈಲನ್ನು ಕೊಪ್ಪಳಕ್ಕೆ ಮುಟ್ಟಿಸಿ ಬಾ ಎಂದರು.

ಫಕ್ರುದ್ದೀನ ಕೊನೆಯ ಹೋಳು ಬಾಯಿಗಿಟ್ಟುಕೊಂಡು ಹೇಳಿದ: “ಜೇಬಿನ್ಯಾಗ ಚಾಕು ಇಟ್ಕೊಂಡು ಬಸ್ ಹತ್ತಾಕತ್ತೀರಿ. ದಾರ್ಯಾಗ ಪೊಲೀಸ್ರು ಹಿಡದ್ರ ಪೇರಲಹಣ್ಣಿನ ಕತಿ ನಂಬ್ತಾರೇನ್ರಿ?”

ಆ ಮಾತು ಚಪ್ಪಲಿಯೊಳಗಿನ ಮುಳ್ಳಿನಂತೆ ಬಸ್ಸಿನವರೆಗೂ ಬಂತು. ಯಮನೂರಪ್ಪ ಕಿಟಕಿಯ ಬದಿ ಕೂತು ಜೇಬು ಮುಟ್ಟಿ ನೋಡಿಕೊಂಡ. ಚಾಕು ಎಷ್ಟು ಹಗುರವೆಂದರೆ, ಇದೆಯೋ ಬಿದ್ದಿದೆಯೋ ಗೊತ್ತಾಗದೆ ಮತ್ತೆ ಮತ್ತೆ ಮುಟ್ಟಬೇಕಾಯಿತು. ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಹಿಡಿದು ಕೂತಿದ್ದ ಹುಲಗೆಮ್ಮ ಎಂಬ ಮುದುಕಿ, ಎದೆ ನೋವೇನಪ್ಪಾ ಎಂದು ವಿಚಾರಿಸಿದಳು.

ಕುಕನೂರು ದಾಟುತ್ತಲೇ ಬಸ್ಸು ನಿಂತಿತು. ಮುಂದೆ ರಸ್ತೆಗೆ ಅಡ್ಡವಾಗಿ ಪೊಲೀಸ್ ಜೀಪು. ಕಾನ್‌ಸ್ಟೇಬಲ್ ಒಬ್ಬ ನೇರ ಬಸ್ಸಿನ ಕಡೆಗೇ ಬರುತ್ತಿದ್ದ. ಯಮನೂರಪ್ಪನ ಕೈ ತಾನಾಗಿಯೇ ಜೇಬಿಗೆ ಹೋಗಿ, ಅಲ್ಲಿಂದ ಹುಲಗೆಮ್ಮನ ಬುಟ್ಟಿಗೆ ಹೋಗಿ, ಖಾಲಿಯಾಗಿ ಮರಳಿತು.

ಕಾನ್‌ಸ್ಟೇಬಲ್ ಬಾಗಿಲಲ್ಲಿ ನಿಂತು ಕೇಳಿದ: “ಯಾರ ಹತ್ರಾರ ಚಾಕು ಐತೇನ್ರಿ?”

ಹುಲಗೆಮ್ಮ ಬದನೆಕಾಯಿಗಳ ನಡುವೆ ಕೈ ಹಾಕಿ ಚಾಕುವನ್ನು ಮೇಲೆತ್ತಿದಳು. “ಇದು ನಂದಲ್ರಿ ಯಪ್ಪಾ. ಈ ಸಾಹೇಬ್ರು ಈಗಿನ್ನ ನನ್ನ ಬುಟ್ಟ್ಯಾಗ ಹಾಕ್ಯಾರ.”

ಕಾನ್‌ಸ್ಟೇಬಲ್ ಚಾಕು ತೆಗೆದುಕೊಂಡು, ಯಮನೂರಪ್ಪನ ರಟ್ಟೆ ಹಿಡಿದು ಕೆಳಗಿಳಿಸಿ ಜೀಪಿನ ಬಳಿಗೆ ಕರೆದೊಯ್ದ. ಅಲ್ಲಿ ಒಂದು ಆಡು ಅರಚುತ್ತಿತ್ತು. ಅದರ ಕೊರಳಿನ ನೈಲಾನ್ ಹಗ್ಗ ಜೀಪಿನ ಗಾಲಿಗೆ ಸುತ್ತಿಕೊಂಡಿತ್ತು. ಕಾನ್‌ಸ್ಟೇಬಲ್ ಚಾಕು ತೆರೆದು ಎರಡೇ ಎಳೆತಕ್ಕೆ ಹಗ್ಗ ಕತ್ತರಿಸಿದ. ಆಡು ತಿರುಗಿಯೂ ನೋಡದೆ ಹೊಲಕ್ಕೆ ಓಡಿತು. ಕಾನ್‌ಸ್ಟೇಬಲ್ ನಕ್ಕು, ಹೆಸರೇನು, ಮನೆ ಎಲ್ಲಿ ಎಂದು ಕೇಳಿ ಬೆನ್ನು ತಟ್ಟಿದ.

ಬಸ್ಸು ಹೊರಟು ಎರಡು ಮೈಲಿಯಾದ ಮೇಲೆ ಯಮನೂರಪ್ಪ ಜೇಬು ಮುಟ್ಟಿಕೊಂಡ. ಚಾಕು ಕಾನ್‌ಸ್ಟೇಬಲ್ ಕೈಯಲ್ಲೇ ಉಳಿದಿತ್ತು. ಅವನಿಗೆ ಒಂಚೂರೂ ದುಃಖವಾಗಲಿಲ್ಲ. ಇಟ್ಟುಕೊಳ್ಳುವ ಚಿಂತೆಯೂ ಇಲ್ಲ, ವಾಪಸು ಕಳಿಸುವ ಚಿಂತೆಯೂ ಇಲ್ಲ. ಫೈಲು ಮುಟ್ಟಿಸಿ, ಕೊಪ್ಪಳದಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ತಿಂದು, ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿದ್ದೆ ಮಾಡಿದ.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಓಣಿಯಲ್ಲಿ ಗದ್ದಲವಾಯಿತು. ಬಾಗಿಲಿಗೆ ಜೀಪು ಬಂದು ನಿಂತಿತು, ಹಿಂದೆ ಇಪ್ಪತ್ತು ಜನ. ಪುಣ್ಯಾತ್ಮ ಕಾನ್‌ಸ್ಟೇಬಲ್ ಕೆಲಸದ ಮೇಲೆ ಯಲಬುರ್ಗಾಕ್ಕೆ ಬಂದವನು, ಚಾಕು ಇಟ್ಟುಕೊಂಡು ಓಡಾಡುವ ಯಮನೂರಪ್ಪನ ಮನೆ ಯಾವುದು ಎಂದು ಬಸ್‌ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಅಂಗಡಿ ಅಂಗಡಿಯಲ್ಲಿ ಕೇಳುತ್ತ ಬಂದಿದ್ದ.

“ತಪ್ಪು ತಿಳೀಬ್ಯಾಡ್ರಿ. ಭಾಳ ಹಗುರ ಐತಿ, ನನ್ನ ಕಿಸೇದಾಗ ಉಳದಿದ್ದು ಗೊತ್ತಽ ಆಗ್ಲಿಲ್ಲ,” ಎಂದು ಚಾಕುವನ್ನು ಅವನ ಕೈಗಿತ್ತು, ಕೊಟ್ಟ ಚಹಾವನ್ನೂ ಬೇಡವೆಂದು ಹೊರಟುಹೋದ.

ಜೀಪು ಮರೆಯಾದ ಮೇಲೆ ಎದುರು ಮನೆಯ ವಿರೂಪಾಕ್ಷಮ್ಮ ಮೆಲ್ಲನೆ ಒಳಗೆ ಬಂದು ಶಿವಲಿಂಗಮ್ಮನ ಕೈ ಹಿಡಿದುಕೊಂಡಳು.

“ಹೋಗ್ಲಿ ಬಿಡವ್ವ, ಸಂಜಿಕ ಮನಿಗೆ ಬಿಟ್ಟಾರಲ್ಲ, ಅಷ್ಟಽ ಸಾಕು. ಜಾಮೀನು ಯಾರು ಕೊಟ್ರು?”